ಕೂರಿಸಿದ್ದೆಲ್ಲ ಸೆಟ್

ಎರಡನೇ ಪಿಯುಸಿ ಓದುವ ಹುಡುಗಿಯೊಬ್ಬಳು ಸಂಜೆ ಹೊತ್ತು ನಮ್ಮ ಜಗಲಿಗೆ ಇಂಗ್ಲಿಷ್ ಕಲಿಯಲು ಬರುತ್ತಾಳೆ. ತೀರ್ಥಹಳ್ಳಿಯಿಂದ ಬಸ್ಸಿಳಿದು, ತೋಟದ ಏರಿ ಹಿಡಿದು, ಮಳೆಗಾಲವಾದರೆ ಅರ್ಧ ನೆಂದುಕೊಂಡೇ ಬರುವವಳು. ಮೊನ್ನೆ ಬಂದವಳು ಕೊಡೆಯನ್ನು ಸರಿಯಾಗಿ ಮಡಚುವ ಮೊದಲೇ ನಿಘಂಟು ಬಿಡಿಸಿ ನನ್ನ ಮುಂದಿಟ್ಟಳು. "ಮೇಡಂ, ಸೆಟ್ ಅನ್ನೋ ಇಷ್ಟು ಸಣ್ಣ ಪದಕ್ಕೆ ಎರಡು ಪುಟ ಅರ್ಥ ಕೊಟ್ಟಿದಾರೆ. ಇದ್ರಲ್ಲಿ ಯಾವ್ದನ್ನ ಬಾಯಿಪಾಠ ಮಾಡ್ಲಿ?"

ಅವಳ ಕೈಯಲ್ಲಿದ್ದದ್ದು ವಿದ್ಯಾರ್ಥಿಗಳ ಸಣ್ಣ ನಿಘಂಟು. 1989ರಲ್ಲಿ 20 ಸಂಪುಟಗಳಲ್ಲಿ ಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೇ ಆವೃತ್ತಿಯಲ್ಲಿ ಈ ಕ್ರಿಯಾಪದಕ್ಕೆ 430 ಅರ್ಥಗಳಿವೆ. ಆ ಒಂದೇ ಪದದ ವಿವರಣೆ ಸುಮಾರು 60,000 ಪದಗಳಷ್ಟು ಉದ್ದ, ಅಂದರೆ ಒಂದು ಕಾದಂಬರಿಯಷ್ಟು. ಆಮೇಲೆ ನಿಘಂಟನ್ನು ಪರಿಷ್ಕರಿಸುವಾಗ 'ರನ್' ಎಂಬ ಕ್ರಿಯಾಪದ 645 ಅರ್ಥಗಳೊಂದಿಗೆ ಇದನ್ನು ಹಿಂದೆ ಹಾಕಿತು. ಆ ಪದದ ಮೇಲೆ ಒಬ್ಬ ನಿಘಂಟುಕಾರರು ಒಂಬತ್ತು ತಿಂಗಳು ಕೂತು ಕೆಲಸ ಮಾಡಿದರಂತೆ. ಆದರೂ ನನಗೆ 'ಸೆಟ್' ಮೇಲೇ ಹೆಚ್ಚು ಪ್ರೀತಿ, ಯಾಕೆಂದರೆ ನಮ್ಮ ಊರಿನ ಬಾಯಲ್ಲಿ ಅದು ದಿನಾ ಓಡಾಡುತ್ತದೆ. ಪಂಪ್‌ಸೆಟ್, ಸೆಟ್ ದೋಸೆ, ಓಲೆ-ಸರದ ಸೆಟ್. "ಸಿಮೆಂಟ್ ಇನ್ನೂ ಸೆಟ್ ಆಗಿಲ್ಲ." "ಅವರಿಬ್ಬರಿಗೂ ಸೆಟ್ ಆಗಲ್ಲ."

ಬಾಯಿಪಾಠ ಬೇಡ ಎಂದೆ. ಬದಲಿಗೆ ಒಂದು ಪ್ರಶ್ನೆ ಕೇಳಿದೆ: "ನಿಮ್ಮ ಅಜ್ಜಿ ಕೋಳಿ ಮರಿ ಮಾಡಿಸೋದು ಹೇಗೆ?"

"ಮೊಟ್ಟೆ ಕೂಡಿಟ್ಟು, ಕೋಳೀನ ಕಾವಿಗೆ ಕೂರಿಸ್ತಾರೆ."

ಇಂಗ್ಲಿಷಿನ ರೈತರು ಇದಕ್ಕೆ ಬಳಸುವ ಕ್ರಿಯಾಪದ ಸೆಟ್. ಕೋಳಿಯನ್ನು ಸೆಟ್ ಮಾಡುವುದೆಂದರೆ ಕಾವಿಗೆ ಕೂರಿಸುವುದು. ಇದು ಆ ಪದದ ಮೂಲಕ್ಕೆ ತೀರ ಹತ್ತಿರದ ಬಳಕೆ. ಇಂಗ್ಲಿಷಿನಲ್ಲಿ ಕೂರುವುದು 'ಸಿಟ್', ಕೂರಿಸುವುದು 'ಸೆಟ್'. ನಾವು 'ಇಸು' ಸೇರಿಸಿ ಕೂರುವುದನ್ನು ಕೂರಿಸುವುದು ಮಾಡುತ್ತೇವೆ, ಓಡುವುದನ್ನು ಓಡಿಸುವುದು ಮಾಡುತ್ತೇವೆ. ಇಂಗ್ಲಿಷಿನ ಹಿರಿಯ ಭಾಷೆಗಳಲ್ಲಿಯೂ ಇಂಥದೇ ಒಂದು ಪ್ರತ್ಯಯವಿತ್ತು. ಅದು ಪದದ ಕೊನೆಗೆ ಅಂಟಿಕೊಂಡು, ಒಳಗಿನ ಸ್ವರವನ್ನು ಬದಲಿಸಿ, ಆಮೇಲೆ ತಾನೇ ಸವೆದುಹೋಯಿತು. ಉಳಿದದ್ದು ಬದಲಾದ ಸ್ವರ ಮಾತ್ರ. 'ಲೈ' ಎಂದರೆ ಮಲಗು, 'ಲೇ' ಎಂದರೆ ಮಲಗಿಸು. 'ಫಾಲ್' ಎಂದರೆ ಬೀಳು, 'ಫೆಲ್' ಎಂದರೆ ಮರ ಬೀಳಿಸು. ಇವೆಲ್ಲ ಆ ಕಳೆದುಹೋದ 'ಇಸು'ವಿನ ಗುರುತುಗಳು. ಸಿಟ್ ಮತ್ತು ಸೆಟ್ ನಡುವೆ ಮಕ್ಕಳು ಗೊಂದಲ ಮಾಡಿಕೊಂಡಾಗ ನಾನು ವ್ಯಾಕರಣ ಹೇಳುವುದಿಲ್ಲ, ಒಂದು ಕೂರು ಇನ್ನೊಂದು ಕೂರಿಸು ಎನ್ನುತ್ತೇನೆ. ಅಲ್ಲಿಗೆ ಮುಗಿಯಿತು.

ಈ 'ಕೂರಿಸು' ಎಂಬುದನ್ನು ಕೈಯಲ್ಲಿ ಹಿಡಿದು ನಿಘಂಟಿನ ಪುಟದ ಮೇಲೆ ನಡೆದರೆ ಅರ್ಥಗಳು ಒಂದೊಂದಾಗಿ ತಾವೇ ಎದ್ದು ನಿಲ್ಲುತ್ತವೆ. ಅಕ್ಕಸಾಲಿಗರು ಉಂಗುರಕ್ಕೆ ಹರಳು ಕೂರಿಸುತ್ತಾರೆ, ಅದು ಸೆಟ್. ಜಾರಿ ಬಿದ್ದು ಕೈ ಮುರಿದರೆ ಮೂಳೆ ಕೂರಿಸುತ್ತಾರೆ, ಅದೂ ಸೆಟ್. ಬಡಗಿ ಚೌಕಟ್ಟು ಕೂರಿಸುತ್ತಾನೆ. ಚೌತಿಗೆ ಗಣಪತಿ ಕೂರಿಸುತ್ತೇವಲ್ಲ, ಅದು ಸೆಟ್ ಅಪ್. ಹಳೇ ಅಚ್ಚುಕೂಟದಲ್ಲಿ ಒಂದೊಂದೇ ಅಚ್ಚುಮೊಳೆ ಹೆಕ್ಕಿ ಸಾಲಿನಲ್ಲಿ ಜೋಡಿಸುತ್ತಿದ್ದರು. ಅದಕ್ಕೂ ಸೆಟ್ ಎಂದೇ ಹೆಸರು. ಇಲ್ಲೆಲ್ಲ ನಡೆಯುವುದು ಒಂದೇ ಕೆಲಸ: ವಸ್ತುವೊಂದನ್ನು ಎಲ್ಲೋ ಒಂದು ಕಡೆ ಇಟ್ಟುಬಿಡುವುದಲ್ಲ, ಅದು ತನ್ನ ಕೆಲಸ ಮಾಡುವ ಜಾಗದಲ್ಲಿ ಅದನ್ನು ಕೂರಿಸುವುದು. ಈ 'ಕೆಲಸ ಮಾಡುವ ಜಾಗ' ಎಂಬ ಮಾತನ್ನು ಗಟ್ಟಿಯಾಗಿ ನೆನಪಿಟ್ಟುಕೋ ಎಂದು ಹುಡುಗಿಗೆ ಹೇಳಿದೆ. ಸೆಟ್‌ನ ಪರ್ಯಾಯ ಪದಗಳೆಂದು ಪಟ್ಟಿಯಲ್ಲಿ ಕೊಡುತ್ತಾರಲ್ಲ, ಪುಟ್, ಪ್ಲೇಸ್, ಲೇ, ಫಿಕ್ಸ್, ಅವುಗಳಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲೇ ಅಡಗಿದೆ.

ಮೊದಲ ಮಳೆಗೆ ಮೀನು ಹತ್ತುವಾಗ ಗದ್ದೆಯ ತೂಬಿನಲ್ಲಿ ಮೀನು ಹಿಡಿಯುವ ಕೂಣಿ ಒಡ್ಡುವುದನ್ನು ತೆಗೆದುಕೊಳ್ಳಿ. ಕೂಣಿಯನ್ನು 'ಪುಟ್' ಮಾಡಿದೆ ಎಂದರೆ ಅದು ಅಲ್ಲಿದೆ ಎಂದಷ್ಟೇ ಅರ್ಥ. ಬಾಯಿ ಯಾವ ಕಡೆಗಿದೆಯೋ, ಮೀನು ಬೀಳುತ್ತದೋ ಇಲ್ಲವೋ ಗೊತ್ತಿಲ್ಲ. 'ಪ್ಲೇಸ್' ಮಾಡಿದೆ ಎಂದರೆ ಜೋಪಾನವಾಗಿ ಇಟ್ಟೆ. 'ಲೇ' ಮಾಡಿದೆ ಎಂದರೆ ಅಡ್ಡ ಮಲಗಿಸಿದೆ. 'ಸೆಟ್' ಮಾಡಿದೆ ಎಂದರೆ ನೀರಿನ ಹರಿವಿಗೆ ಎದುರಾಗಿ, ಮೀನು ಒಳಗೆ ಹೋದರೆ ಹೊರಗೆ ಬರದ ಹಾಗೆ ಒಡ್ಡಿದೆ. ಕನ್ನಡದ 'ಒಡ್ಡು' ಆ ಸಿದ್ಧತೆಯನ್ನೂ ಹೇಳುತ್ತದೆ, 'ಇಡು' ಹೇಳುವುದಿಲ್ಲ. ಗಡಿಯಾರವನ್ನು ಗೂಡಿನಲ್ಲಿ ಇಡುವುದು ಬೇರೆ, ಅದರ ಹೊತ್ತು ಸರಿಮಾಡುವುದು ಬೇರೆ; ಮೊದಲನೆಯದು ಪುಟ್, ಎರಡನೆಯದು ಸೆಟ್. 'ಫಿಕ್ಸ್' ಹತ್ತಿರ ಬರುತ್ತದೆ, ಮದುವೆ ದಿನಕ್ಕೆ ಎರಡೂ ನಡೆಯುತ್ತವೆ. ಆದರೆ ಬೆಲೆಯ ವಿಷಯಕ್ಕೆ ಬಂದಾಗ ಹುಷಾರಾಗಿರಬೇಕು. ಬೆಲೆ ಸೆಟ್ ಮಾಡುವುದು ದರ ನಿಗದಿ ಮಾಡುವುದು, ಅದರಲ್ಲಿ ತಪ್ಪಿಲ್ಲ. ಬೆಲೆ ಫಿಕ್ಸ್ ಮಾಡಿದರು ಎಂದರೆ ವ್ಯಾಪಾರಿಗಳು ಒಳಗೊಳಗೇ ಮಾತಾಡಿಕೊಂಡು ರೇಟು ಕಟ್ಟಿದರು ಎಂಬ ವಾಸನೆ ಬರುತ್ತದೆ. ಪರ್ಯಾಯ ಪದ ಎಂದರೆ ಒಂದರ ಜಾಗದಲ್ಲಿ ಇನ್ನೊಂದು ಎಂದಲ್ಲ. ಅಕ್ಕಪಕ್ಕದ ಮನೆಯವರು ಎಂದಷ್ಟೇ. ಬೇಲಿ ಎಲ್ಲಿದೆ ಎಂದು ತಿಳಿದಿರಬೇಕು.

ಕನ್ನಡದವರಿಗೆ ಇಂಗ್ಲಿಷಿನ ಇಂಥ ಪದಗಳು ಬೆಟ್ಟದಂತೆ ಕಾಣುವುದಕ್ಕೆ ಒಂದು ಕಾರಣ, ನಾವು ಒಂದಕ್ಕೆ ಒಂದು ಎಂದು ಕನ್ನಡ ಪದ ಹುಡುಕುವುದು. ಸೆಟ್ ಎಂದರೆ ಕೂರಿಸು ಎಂದು ಬರೆದುಕೊಂಡ ಹುಡುಗಿ ಮುಂದಿನ ಸಾಲಿನಲ್ಲಿ "ಮನೆಗೆ ಬೆಂಕಿ ಕೂರಿಸಿದ" ಎಂದು ಬರೆಯಬೇಕಾಗುತ್ತದೆ. ಬೆಂಕಿಗೆ ನಮ್ಮಲ್ಲಿ 'ಹಚ್ಚು' ಇದೆ. ಇಲ್ಲಿ ನನಗೆ ತುಂಬ ಖುಷಿ ಕೊಟ್ಟ ಸಂಗತಿ ಒಂದಿದೆ. ಇಂಗ್ಲಿಷಿನಲ್ಲಿ ಬೆಂಕಿ ಸೆಟ್ ಮಾಡುತ್ತಾರೆ, ಆಳನ್ನು ಕೆಲಸಕ್ಕೆ ಸೆಟ್ ಮಾಡುತ್ತಾರೆ, ಒಂದು ಮಾತು ಮನುಷ್ಯನನ್ನು ಯೋಚನೆಗೆ ಸೆಟ್ ಮಾಡುತ್ತದೆ. ಇವು ಮೂರೂ ನಿಘಂಟಿನಲ್ಲಿ ಬೇರೆ ಬೇರೆ ನಂಬರಿನ ಅರ್ಥಗಳು. ಕನ್ನಡದಲ್ಲಿ ಏನು ಹೇಳುತ್ತೇವೆ? ಬೆಂಕಿ ಹಚ್ಚಿದ. ಕೆಲಸಕ್ಕೆ ಹಚ್ಚಿದ. ಯೋಚನೆಗೆ ಹಚ್ಚಿತು. ಎರಡು ಸಂಬಂಧವಿಲ್ಲದ ಭಾಷೆಗಳು ಒಂದೇ ಮೂರು ಸಂಗತಿಗಳನ್ನು ಒಂದೇ ಕ್ರಿಯಾಪದದಲ್ಲಿ ಕಟ್ಟಿವೆ! ಅಂದರೆ ಅರ್ಥಗಳು ಹೀಗೆ ಹರಡುವುದು ಇಂಗ್ಲಿಷಿನ ಹುಚ್ಚಾಟವಲ್ಲ, ಮನುಷ್ಯರು ಲೋಕವನ್ನು ನೋಡುವ ರೀತಿಯಲ್ಲೇ ಏನೋ ಇದೆ.

ಹಾಗೆ ಹುಡುಕುತ್ತ ಹೋದರೆ ಸೆಟ್‌ನ ಸಾಮ್ರಾಜ್ಯವನ್ನು ನಮ್ಮ ಐದಾರು ಕ್ರಿಯಾಪದಗಳು ಹಂಚಿಕೊಂಡಿರುವುದು ಕಾಣುತ್ತದೆ. 'ಇಡು' ಒಂದಷ್ಟು ಪಾಲು ತೆಗೆದುಕೊಂಡಿದೆ: ಹೊಸ ಮನೆಗೆ ಕಾಲಿಡುತ್ತೇವೆ, ಮನಸ್ಸಿಟ್ಟು ಓದುತ್ತೇವೆ, ಲಗ್ನ ಇಡುತ್ತೇವೆ, ಮೂರಕ್ಕೂ ಇಂಗ್ಲಿಷಿನವರು ಸೆಟ್ ಎನ್ನಬಲ್ಲರು. 'ಹಿಡಿ'ಯ ಪಾಲೂ ಸಣ್ಣದಲ್ಲ. ಜೂನ್ ಕಳೆದ ಮೇಲೆ ಆಗುಂಬೆ ಕಡೆಯಿಂದ ಮೋಡ ಕವಿದು ಮೂರು ದಿನ ಬಿಡದೆ ಹೊಯ್ದರೆ "ಮಳೆ ಹಿಡೀತು" ಎನ್ನುತ್ತೇವಲ್ಲ, ಅದು ಅಚ್ಚುಕಟ್ಟಾಗಿ 'ಸೆಟ್ ಇನ್'. ಮಳೆ ಬಂತು ಎಂದಲ್ಲ, ಬಂದದ್ದು ಹೋಗದೆ ಕೂತಿತು ಎಂದು. ಬೇಯಿಸಿದ ಅಡಿಕೆಗೆ ಚೊಗರಿನ ಬಣ್ಣ ಹಿಡಿಯುತ್ತದೆ. ಬಟ್ಟೆಗೆ ಬಣ್ಣ ಹೀಗೆ ಕಚ್ಚಿ ನಿಲ್ಲುವುದಕ್ಕೆ ಬಣ್ಣಗಾರರು ಸೆಟ್ ಎನ್ನುತ್ತಾರೆ. ಅಡಿಕೆ ಮರದ ಹಿಂಗಾರ ಒಡೆದು ಹೂ ಉದುರದೆ ಕಾಯಿ ಕಚ್ಚಿದರೆ ತೋಟಗಾರಿಕೆಯ ಪುಸ್ತಕದಲ್ಲಿ ಅದು 'ಫ್ರೂಟ್ ಸೆಟ್'. ಇನ್ನು ಊಟಕ್ಕೆ ಮೇಜು ಸೆಟ್ ಮಾಡುವುದು ಎಂಬುದನ್ನು ಪಠ್ಯಪುಸ್ತಕದಲ್ಲಿ "ಮೇಜನ್ನು ಸಿದ್ಧಪಡಿಸು" ಎಂದು ಅನುವಾದಿಸಿದ್ದನ್ನು ನೋಡಿದಾಗ ನನಗೆ ಬೇಸರವಾಗುತ್ತದೆ. ನಮ್ಮಲ್ಲಿ ಎಲೆ ಹಾಕುತ್ತಾರೆ. "ಎಲೆ ಹಾಕಾಯ್ತು, ಏಳಿ" ಎಂದರೆ ಉಪ್ಪು, ಉಪ್ಪಿನಕಾಯಿ, ನೀರಿನ ಲೋಟ ಎಲ್ಲ ತಮ್ಮ ತಮ್ಮ ಜಾಗದಲ್ಲಿವೆ, ಜನ ಕೂರುವುದೊಂದೇ ಬಾಕಿ.

ಗಟ್ಟಿಯಾಗುವುದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಇಲ್ಲಿ ತಪ್ಪು ತಿಳಿದರೆ ಮನೆಗೇ ಕುತ್ತು. ಹೋದ ವರ್ಷ ನಮ್ಮ ಬಾವಿಕಟ್ಟೆ ದುರಸ್ತಿ ಮಾಡಿಸಿದಾಗ ಮೇಸ್ತ್ರಿ "ಸೆಟ್ ಆಗೋಕೆ ಬಿಡಿ" ಎಂದು ಹೇಳಿ ಹೋದರು. ಮನೆಯಲ್ಲಿದ್ದ ಹುಡುಗ ಅದನ್ನು "ಒಣಗಲು ಬಿಡಿ" ಎಂದು ತಿಳಿದು, ನೀರು ಹಾಕುವವರನ್ನು ತಡೆದ. ಸಿಮೆಂಟು ಸೆಟ್ ಆಗುವುದೆಂದರೆ ಒಣಗುವುದಲ್ಲ. ನೀರಿನೊಂದಿಗೆ ಸೇರಿ ರಾಸಾಯನಿಕ ಕ್ರಿಯೆ ನಡೆದು, ಕಲಸಿದ ಮಿಶ್ರಣ ಕರಣೆಗೆ ಬಗ್ಗುವ ಗುಣ ಕಳೆದುಕೊಂಡು, ತನ್ನ ಆಕಾರದಲ್ಲಿ ಕೂತುಬಿಡುವುದು. ನಮ್ಮ ದೇಶದ ಮಾನಕಗಳ ಪ್ರಕಾರ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟು ನೀರು ಬಿದ್ದ 30 ನಿಮಿಷಕ್ಕಿಂತ ಮೊದಲು ಸೆಟ್ ಆಗಲು ಶುರುವಾಗಬಾರದು, 600 ನಿಮಿಷದೊಳಗೆ ಪೂರ್ತಿ ಸೆಟ್ ಆಗಬೇಕು. ಆದರೆ ಬಲ ಬರುವುದು ಅದಾದ ಮೇಲೆ. ಅದಕ್ಕೆ ದಿನಗಟ್ಟಲೆ ನೀರು ಹಾಕಬೇಕು, ಬಲವನ್ನು ಅಳೆಯುವುದು 28ನೇ ದಿನಕ್ಕೆ. ಹಾಗಾಗಿ 'ಸೆಟ್' ಬೇರೆ, ಗಟ್ಟಿಯಾಗುವ 'ಹಾರ್ಡನ್' ಬೇರೆ, ಒಣಗುವ 'ಡ್ರೈ' ಬೇರೆ. ನಿಘಂಟಿನ ಪರ್ಯಾಯ ಪಟ್ಟಿಯಲ್ಲಿ ಮಾತ್ರ ಅವು ಒಂದೇ ಸಾಲಿನಲ್ಲಿ ಅಲ್ಪವಿರಾಮ ಹಾಕಿಕೊಂಡು ನಿಂತಿರುತ್ತವೆ.

ಆಲೆಮನೆ ನೋಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಯೇ ಇಲ್ಲ. ಕೊಪ್ಪರಿಗೆಯನ್ನು ಹದ ಮೀರದಂತೆ ಮುಂಚೆಯೇ ಇಳಿಸಿದರೆ ಜೋನಿ ಬೆಲ್ಲ. ಅದು ಎಷ್ಟು ದಿನ ಇಟ್ಟರೂ ಮಂದವಾಗಿ ಹರಿಯುತ್ತದೆ. ಇನ್ನಷ್ಟು ಕಾಯಿಸಿ ಅಚ್ಚಿಗೆ ಹೊಯ್ದರೆ ಕಟ್ಟುತ್ತದೆ, ಅಚ್ಚು ಬೆಲ್ಲ. ಈ 'ಕಟ್ಟುವುದು' ಸೆಟ್. ಹಾಲು ಹೆಪ್ಪುಗಟ್ಟಿ ಮೊಸರಾಗುವುದೂ ಸೆಟ್. ಎರಡರಲ್ಲೂ ಕನ್ನಡ 'ಕಟ್ಟು' ಎಂದೇ ಹೇಳುವುದನ್ನು ಗಮನಿಸಿ. ಹರಿಯುತ್ತಿದ್ದದ್ದು ಒಂದು ರೂಪದಲ್ಲಿ ನಿಂತಿತು, ತನಗೊಂದು ಜಾಗ ಹಿಡಿಯಿತು.

ಸೂರ್ಯನ ವಿಷಯ ಕೇಳದೆ ಯಾವ ಮಗುವೂ ಬಿಡುವುದಿಲ್ಲ. ಆಗುಂಬೆಯ ಸೂರ್ಯಾಸ್ತದ ಕಟ್ಟೆಯ ಮೇಲೆ ನಿಂತವರಿಗೆ, ಮೋಡವಿಲ್ಲದ ದಿನ ಅರಬ್ಬಿ ಸಮುದ್ರದ ಅಂಚಿನಲ್ಲಿ ಸೂರ್ಯ ಇಳಿಯುವುದು ಕಾಣುತ್ತದೆ. ಇಂಗ್ಲಿಷಿನಲ್ಲಿ ಸೂರ್ಯ 'ಸೆಟ್' ಆಗುತ್ತಾನೆ. ಯಾರು ಕೂರಿಸಿದರು? ಯಾರೂ ಇಲ್ಲ, ತಾನೇ ಹೋಗಿ ಕೂರುತ್ತಾನೆ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಸೂರ್ಯಾಸ್ತಕ್ಕೆ 'ಸೆಟ್ಲ್‌ಗಾಂಗ್' ಎಂಬ ಮಾತಿತ್ತು. 'ಸೆಟ್ಲ್' ಎಂದರೆ ಪೀಠ, ಇಡೀ ಪದದ ಅರ್ಥ ಪೀಠಕ್ಕೆ ಹೋಗುವುದು. ಸಂಸ್ಕೃತದ 'ಅಸ್ತ'ಕ್ಕೆ ವೇದಕಾಲದಲ್ಲಿ ಮನೆ ಎಂಬ ಅರ್ಥವಿತ್ತು, ಅಲ್ಲಿ ಸೂರ್ಯ ಮನೆಗೆ ಹೋಗುತ್ತಾನೆ. ಕನ್ನಡದಲ್ಲಿ ಮುಳುಗುತ್ತಾನೆ, ಹಳಬರ ಬಾಯಲ್ಲಿ ಹೊತ್ತು ಕಂತುತ್ತದೆ. ಇನ್ನೂ ಹಳೆಯ ಮಾತು 'ಪಡು', ಬೀಳು ಎಂದು. ಸೂರ್ಯ ಪಡುವ ಕಡೆ ಪಡುವಣ, ಮೂಡುವ ಕಡೆ ಮೂಡಣ. ಒಂದೇ ಸೂರ್ಯ ಒಂದೇ ಕಡಲಿಗೆ ಇಳಿಯುವಾಗ ಒಂದು ಭಾಷೆಯಲ್ಲಿ ಕೂರುತ್ತಾನೆ, ಇನ್ನೊಂದರಲ್ಲಿ ಮನೆಗೆ ಹೋಗುತ್ತಾನೆ, ನಮ್ಮದರಲ್ಲಿ ಮುಳುಗುತ್ತಾನೆ. ಈ ಮೂರನ್ನೂ ತಿಳಿದು ಆ ಕಟ್ಟೆಯ ಮೇಲೆ ನಿಂತರೆ ಸಂಜೆ ಇನ್ನೊಂದಿಷ್ಟು ದೊಡ್ಡದಾಗುತ್ತದೆ ಎಂದು ನಾನು ನಂಬುತ್ತೇನೆ.

ಆ 'ಸೆಟ್ಲ್' ಎಂಬ ಪೀಠವೇ ಇವತ್ತಿನ "ಮಗ ಬೆಂಗಳೂರಲ್ಲಿ ಸೆಟ್ಲ್ ಆದ" ಎಂಬುದರ ಮೂಲ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಇಬ್ಬರೇ ವಯಸ್ಸಾದವರು ಉಳಿದಿರುವಾಗ ಆ ಪದ ನಮಗೆ ಬರೀ ಪದವಲ್ಲ. ಇದರ ಬಳಗ ಇನ್ನೂ ದೊಡ್ಡದು. ಸಿಟ್, ಸೆಟ್, ಸೀಟ್‌ಗಳ ಬೇರೂ ಸಂಸ್ಕೃತದ 'ಸದ್' ಧಾತುವಿನ ಬೇರೂ ಒಂದೇ. ಸುತ್ತ ಕೂತವರು ಪರಿಷತ್ತು, ಕೂತು ಚರ್ಚಿಸುವ ಜಾಗ ಸದನ, ಅಲ್ಲಿ ಕೂರುವವರು ಸದಸ್ಯರು. ನಮ್ಮೂರ ಪಂಚಾಯ್ತಿ ಸದಸ್ಯರಿಗೂ ಬಾವಿಕಟ್ಟೆಯ ಸಿಮೆಂಟು ಸೆಟ್ ಆಗುವುದಕ್ಕೂ ಪದದಲ್ಲಿ ದೂರದ ನೆಂಟಸ್ತಿಕೆ ಇದೆ ಎಂದಾಗ ಹುಡುಗಿ ಕಣ್ಣರಳಿಸಿದಳು.

ಇಷ್ಟು ಹೇಳಿದ ಮೇಲೂ ಅವಳು ಬಿಡಲಿಲ್ಲ. "ಸೆಟ್ ದೋಸೆಯಲ್ಲಿ ಯಾರನ್ನ ಕೂರಿಸಿದಾರೆ ಮೇಡಂ?"

ಒಳ್ಳೆಯ ಪ್ರಶ್ನೆ. ಅಲ್ಲಿ ಯಾರನ್ನೂ ಕೂರಿಸಿಲ್ಲ, ಯಾಕೆಂದರೆ ಅದು ಬೇರೆಯೇ ಪದ. ಗುಂಪು ಅಥವಾ ಜೊತೆಗೂಡಿದ ವಸ್ತುಗಳು ಎಂಬ ಅರ್ಥದ ನಾಮಪದ ಸೆಟ್, ಹಳೆಯ ಫ್ರೆಂಚಿನ ಮೂಲಕ ಲ್ಯಾಟಿನ್ನಿನ 'ಸೆಕ್ಟಾ' ಎಂಬ ಪದದಿಂದ ಬಂದದ್ದು. ಅದಕ್ಕೆ ಹಿಂಬಾಲಿಸುವವರು, ಪಂಥ ಎಂಬ ಅರ್ಥ. ಒಬ್ಬರ ಹಿಂದೆ ಹೋಗುವವರ ಗುಂಪು ಕ್ರಮೇಣ ಒಂದೇ ಬಗೆಯ ವಸ್ತುಗಳ ಗುಂಪಾಯಿತು. ಕೋಟು-ಪ್ಯಾಂಟಿನ 'ಸೂಟ್' ಕೂಡ ಹಿಂಬಾಲಿಸು ಎಂಬ ಅದೇ ಲ್ಯಾಟಿನ್ ಕ್ರಿಯಾಪದದ ಸಂತಾನ. ಎರಡು ಬೇರೆ ಊರಿನ ಪದಗಳು ಇಂಗ್ಲಿಷಿಗೆ ಬಂದು, ಒಂದೇ ಉಚ್ಚಾರ, ಒಂದೇ ಕಾಗುಣಿತ ಪಡೆದು, ಒಂದರ ಅರ್ಥ ಇನ್ನೊಂದಕ್ಕೆ ಬೆರೆತು ಈಗ ಬಿಡಿಸಲಾರದಷ್ಟು ಹೆಣೆದುಕೊಂಡಿವೆ. ತುಂಗಾ ಮತ್ತು ಭದ್ರಾ ಕೂಡಲಿಯಲ್ಲಿ ಸೇರಿದ ಮೇಲೆ ಯಾವ ನೀರು ಯಾವುದು ಎಂದು ಕೇಳಿದ ಹಾಗೆ.

ಈ ಎರಡನೆಯ ಸೆಟ್‌ನ ಗುಣ ಪೂರ್ಣತೆ. ಗುಂಪಿನಿಂದ ಒಂದು ಹೋದರೂ ಅದು ಗುಂಪೇ. ಸೆಟ್‌ನಿಂದ ಒಂದು ಹೋದರೆ ಅದು ಅರೆಸೆಟ್. ಬರೀ ಪಂಪು ತಂದರೆ ತೋಟಕ್ಕೆ ನೀರು ಏರುವುದಿಲ್ಲ, ಮೋಟಾರೂ ಜೊತೆಗಿರಬೇಕು, ಆಗಲೇ ಪಂಪ್‌ಸೆಟ್. ಸೆಟ್ ದೋಸೆ ಕೇಳಿ ಒಂದೇ ದೋಸೆ ಬಂದರೆ ಯಾರೂ ಒಪ್ಪುವುದಿಲ್ಲ. ಕನ್ನಡದಲ್ಲಿ ಎರಡಕ್ಕೆ 'ಜೊತೆ' ಇತ್ತು, ಲೆಕ್ಕವಿಲ್ಲದ್ದಕ್ಕೆ 'ಗುಂಪು', 'ರಾಶಿ' ಇದ್ದವು. ಇಷ್ಟೇ ಇದ್ದರೆ ಪೂರ್ತಿ ಎಂದು ಹೇಳುವ ಸಣ್ಣ ಪದವಾಗಿ ಸೆಟ್ ಬಂದು ಕೂತಿತು, ನಾವೂ ಉಳಿಸಿಕೊಂಡೆವು. ಗಣಿತದಲ್ಲಿ ಮಾತ್ರ ನಮ್ಮ ಪಠ್ಯಪುಸ್ತಕಗಳು ಅದನ್ನು 'ಗಣ' ಎಂದವು. 1870ರ ದಶಕದಲ್ಲಿ ಜರ್ಮನಿಯಲ್ಲಿ ಗೆಯಾರ್ಗ್ ಕ್ಯಾಂಟರ್ ಕಟ್ಟಿದ ಆ ಸಿದ್ಧಾಂತದಲ್ಲಿ ಸದಸ್ಯರ ಕ್ರಮ ಮುಖ್ಯವಲ್ಲ, ಯಾರಿದ್ದಾರೆ ಯಾರಿಲ್ಲ ಎಂಬುದಷ್ಟೇ ಮುಖ್ಯ. ಶಿವಗಣ, ಭೂತಗಣ ಎಂದು ಕೇಳಿ ಬೆಳೆದವರಿಗೆ ಒಪ್ಪುವ ಅನುವಾದ ಅದು.

ಹಾಗಾದರೆ ನಿಘಂಟನ್ನು ಓದುವುದು ಹೇಗೆ? ಸೆಟ್ ಎಂಬಲ್ಲಿ ಬೆರಳಿಟ್ಟು ಅಲ್ಲೇ ನಿಲ್ಲಬೇಡ, ಅದರ ಅಕ್ಕಪಕ್ಕ ಏನಿದೆ ನೋಡು ಎಂದು ಹೇಳಿದೆ. ಹಿಂದೆ 'ಎ' ಅಥವಾ 'ದ' ಇದ್ದು ಮುಂದೆ 'ಆಫ್' (of) ಇದ್ದರೆ ಅದು ದೋಸೆಯ ಸೆಟ್. ಮುಂದೆ ವಸ್ತುವಿದ್ದರೆ ಆ ವಸ್ತುವೇ ಅರ್ಥವನ್ನು ಹೇಳುತ್ತದೆ: ಹರಳು, ಮೂಳೆ, ಬಲೆ, ಬೆಂಕಿ, ದಿನ, ಬೆಲೆ. ವಸ್ತುವಿಲ್ಲದೆ ಬಂದರೆ ಸೂರ್ಯನೋ ಮೊಸರೋ ಸಿಮೆಂಟೋ ಇರಬೇಕು. ಆಮೇಲೆ 'ಇನ್', 'ಔಟ್', 'ಅಪ್', 'ಆಫ್' (off) ಎಂಬ ಸಣ್ಣ ಬಾಲಗಳು. ಇವನ್ನು ಸೆಟ್‌ನ ಅರ್ಥಗಳೆಂದು ಓದದೆ ಒಂದೊಂದೂ ಪ್ರತ್ಯೇಕ ಪದವೆಂದು ಕಲಿಯಬೇಕು. ಕನ್ನಡದಲ್ಲೂ 'ಕೈ ಹಿಡಿ', 'ಹಾದಿ ಹಿಡಿ', 'ತಳ ಹಿಡಿ', 'ಬಸ್ ಹಿಡಿ' ಎಂಬುವನ್ನು ಹಿಡಿಯ ನಾಲ್ಕು ಅರ್ಥ ಎಂದು ನಾವು ಯಾವತ್ತೂ ಎಣಿಸಲಿಲ್ಲ. ಪಕ್ಕದ ಪದ ನೋಡಿ ತಿಳಿದುಕೊಂಡೆವು, ಅಷ್ಟೇ.

ಪದಗಳು ತಲೆಕೆಳಗಾಗುವುದೂ ಉಂಟು. 'ಅಪ್‌ಸೆಟ್' ಎಂದರೆ ಈಗ ಮನಸ್ಸು ಕದಡಿದ, ಬೇಜಾರಾದ ಎಂದು. ಐನೂರು ವರ್ಷದ ಹಿಂದೆ ಅದರ ಅರ್ಥ ಎತ್ತಿ ನಿಲ್ಲಿಸು ಎಂದಿತ್ತು, ಮೇಲೆ ಕೂರಿಸು ಎಂದು ನೇರವಾಗಿ. ಉರುಳಿಸು ಎಂಬ ಅರ್ಥ ಬಹಳ ತಡವಾಗಿ, 1800ರ ಆಸುಪಾಸಿನಲ್ಲಿ ಬಂದು, ಹಳೆಯದನ್ನು ಓಡಿಸಿತು. ಆದರೆ ಒಂದು ಕಡೆ ಹಳೆಯ ಅರ್ಥ ಬಿಗಿಯಾಗಿ ಕೂತುಕೊಂಡಿದೆ.

ಅದು ನನಗೆ ಸಿಕ್ಕಿದ್ದು ಪಕ್ಕದ ಮನೆಯವರಿಂದ. ಬಿದ್ದ ಮರಗಳ ಹರಾಜಿನ ನೋಟಿಸು ಹಿಡಿದು ಬಂದಿದ್ದರು. "ಅಕ್ಕಾ, ಇದೆಂತ ಅಪ್‌ಸೆಟ್ ಪ್ರೈಸ್ ಅಂತ ಹಾಕಿದಾರೆ? ಬೆಲೆಗೂ ಬೇಜಾರಾಗ್ತದ?" ನಾನು ಅವರನ್ನು ಕೂರಿಸಿ, ಇದು ಬೇಜಾರಿನ ಅಪ್‌ಸೆಟ್ ಅಲ್ಲ, ಎತ್ತಿ ನಿಲ್ಲಿಸಿದ ಬೆಲೆ, ಇದಕ್ಕಿಂತ ಕೆಳಗೆ ಕೊಡುವುದಿಲ್ಲ, ಕೂಗುವುದೇನಿದ್ದರೂ ಇಲ್ಲಿಂದ ಮೇಲಕ್ಕೆ ಎಂದು ಉದ್ದಕ್ಕೆ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, ನೋಟಿಸು ಮಡಚಿ ಜೇಬಿಗೆ ಹಾಕಿದರು.

"ಸರ್ಕಾರಿ ಸವಾಲು ಅನ್ನಿ ಹಾಗಾರೆ."